ಮಗ್ಗದ ಮನೆಯಲ್ಲಿ ಜಪಾನಿನ ಚಹಾ

ನಾನು ಶಿಸ್ತು ಕಲಿಸಲು ಹೊರಟಾಗಲೆಲ್ಲ ಹೀಗೆ ಏನಾದರೊಂದು ಆಗುತ್ತದೆ. ಅದೂ ಒಳ್ಳೆಯ ಸೀರೆ ಉಟ್ಟ ದಿನವೇ.

ತೊಂಬತ್ತರ ದಶಕದ ಕೊನೆಯಲ್ಲಿ ಜಪಾನಿನ ಹಿರಿಯ ಮಹಿಳೆಯೊಬ್ಬರು ರೇಷ್ಮೆ ನೇಯ್ಗೆ ನೋಡಲು ಬಂದು, ಚಳ್ಳಕೆರೆಯ ನಮ್ಮ ಮನೆಯಲ್ಲಿ ಇಳಿದುಕೊಂಡಿದ್ದರು. ಮೊಳಕಾಲ್ಮೂರಿನ ನೇಕಾರರ ಮನೆಯ ಅವ್ವನಿಗೆ ತಮ್ಮ ದೇಶದ ಪದ್ಧತಿಯಂತೆ ಚಹಾ ಮಾಡಿಕೊಡಬೇಕೆಂಬುದು ಅವರ ಆಸೆ. ನಮ್ಮ ಸೀಮೆಯವರಿಗೆ ರೀತಿನೀತಿ ತಿಳಿಯದು ಎಂದುಕೊಂಡು ಅವರು ಹೋಗಬಾರದು ಎಂಬುದು ನನ್ನ ಹಟ. "ಇಲ್ಲಿನ ಪದ್ಧತಿಗಳೆಲ್ಲ ನನಗೆ ಚೆನ್ನಾಗಿ ಬರುತ್ತವೆ" ಎಂದು ಕಾರಿನಲ್ಲಿ ಇಂಗ್ಲಿಷಿನಲ್ಲಿ ಹೇಳಿಕೊಂಡೂ ಆಗಿತ್ತು.

ನಮಸ್ಕಾರ

ಮಗ್ಗದ ಕೋಣೆಯಲ್ಲಿ ಚಾಪೆ ಹಾಸಿತ್ತು. ಅತಿಥಿ ಮಂಡಿಯೂರಿ, ಹಣೆ ನೆಲಕ್ಕೆ ತಾಗುವಂತೆ ಬಾಗಿದರು. ಅವ್ವ ಗಾಬರಿಯಾಗಿ ಅವರ ತಲೆ ಮುಟ್ಟಿ, "ಏಳವ್ವ, ವರ್ಷದೊಳಗೆ ತೊಟ್ಟಿಲು ತೂಗುವಂಗಾಗ್ಲಿ" ಎಂದು ಹರಸಿದರು. ಏನೆಂದರು ಎಂದು ಅತಿಥಿ ಕೇಳಿದರು. ಅವರಿಗೆ ಅರವತ್ತೆಂಟು, ಮದುವೆಯಾಗಿರಲಿಲ್ಲ.

"ಸ್ವಾಗತ ಎಂದರು" ಎಂದೆ.

ಕಡೆಗೋಲು

ಅತಿಥಿ ಚಹಾಕ್ಕೆ ಅಣಿಯಾದರು. ಇದ್ದಿಲ ಒಲೆಯ ಮೇಲೆ ನೀರು ಸಣ್ಣಗೆ ಸದ್ದು ಮಾಡುತ್ತಿತ್ತು, ನಮ್ಮೂರ ಬಳಿಯ ವರವು ಕಾವಲಿನ ಹುಲ್ಲುಗಾವಲಿನಲ್ಲಿ ಗಾಳಿ ಸುಳಿದಂತೆ. ಮಗ್ಗದ ಎಳೆಗಳ ನಡುವೆ ಇಳಿದ ಬಿಸಿಲು ಹಬೆಗೆ ಸಿಕ್ಕಿ ಬಂಗಾರವಾಗಿತ್ತು. ನಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಅತಿಥಿ ಹಸಿರು ಪುಡಿಗೆ ಬಿಸಿನೀರು ಬೆರೆಸಿ, ಬಿದಿರಿನ ಪುಟ್ಟ ಕಡೆಗೋಲಿನಿಂದ ಕಡೆಯತೊಡಗಿದರು.

ಅವ್ವ ನನ್ನ ಕಿವಿಯಲ್ಲಿ, "ಅಮ್ಮಾರೆ, ಇಷ್ಟಕ್ಕೆಲ್ಲ ಬೆಣ್ಣೆ ಬರಲ್ಲ ಅಂತ ಹೇಳ್ರಿ. ಪಾಪ, ಕೈ ನೋಯ್ತೈತೆ" ಎಂದರು.

ಬಟ್ಟಲು

ಎಲ್ಲರಿಗೂ ಒಂದೇ ಬಟ್ಟಲು. ಎರಡು ಕೈಯಲ್ಲಿ ಹಿಡಿದು, ಮೆಲ್ಲಗೆ ತಿರುಗಿಸಿ, ಗುಟುಕರಿಸಿ, ಅಂಚು ಒರೆಸಿ ಪಕ್ಕದವರಿಗೆ ಕೊಡಬೇಕು. ಇದನ್ನು ನಾನು ಅವ್ವನಿಗೆ ಮೂರು ಸಲ ಹೇಳಿದ್ದೆ. ಅವ್ವ ಬಟ್ಟಲನ್ನು ಸರಿಯಾಗಿಯೇ ತಿರುಗಿಸಿದರು. ಆಮೇಲೆ, "ಎಂಜಲು ಮಾಡಿ ನಿಮಗೆ ಹೆಂಗೆ ಕೊಡ್ಲಿ?" ಎಂದು ಕತ್ತು ಹಿಂದಕ್ಕೆ ವಾಲಿಸಿ, ಬಟ್ಟಲನ್ನು ಗೇಣೆತ್ತರ ಹಿಡಿದು ಒಂದೆರಡು ಗುಟುಕು ಬಾಯಿಗೆ ಸುರಿದುಕೊಂಡರು. ಹಸಿರು ರೇಷ್ಮೆ ಎಳೆಯಂಥ ಧಾರೆ. ತುಟಿಗೆ ತಾಗಲಿಲ್ಲ, ಒಂದು ಹನಿಯೂ ಚೆಲ್ಲಲಿಲ್ಲ.

ಮಾನ ಹೋಯಿತೆಂದು ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅತಿಥಿಯ ಕಣ್ಣಲ್ಲಿ ನೀರು. "ಎಷ್ಟು ಚೆಂದ! ಇದೇ ಅಲ್ಲವೇ ನಿಮ್ಮ ಪದ್ಧತಿ? ದಯವಿಟ್ಟು ನೀವೂ ಹಾಗೆಯೇ ಕುಡಿಯಿರಿ" ಎಂದು ನನ್ನತ್ತ ಬಾಗಿದರು.

ಕಾನ್ವೆಂಟಿನಲ್ಲಿ ಓದಿದ ನಾನು ಬುದ್ಧಿ ತಿಳಿದಾಗಿನಿಂದ ಕಪ್ಪು-ಸಾಸರಿನಲ್ಲೇ ಕುಡಿದವಳು. ಆದರೆ ಎಲ್ಲ ಬರುತ್ತದೆ ಎಂದಾಗಿತ್ತಲ್ಲ, ಎತ್ತಿದೆ. ಮೊದಲ ಧಾರೆ ಮೂಗಿಗೆ, ಎರಡನೆಯದು ಕೊರಳಿಗೆ, ಉಳಿದದ್ದು ಅವ್ವ ಅದೇ ಮಗ್ಗದಲ್ಲಿ ನೇಯ್ದ ನನ್ನ ಸೀರೆಗೆ.

ಅವ್ವ ತಮ್ಮ ಸೆರಗಿನಿಂದ ನನ್ನ ಗಲ್ಲ ಒರೆಸುತ್ತ ಕೇಳಿದರು: "ಅಲ್ರಿ ಅಮ್ಮಾರೆ, ನಿಮ್ಮ ಕಾನ್ವೆಂಟಿನಾಗೆ ನೀರು ಕುಡಿಯೋದು ಹೇಳ್ಕೊಡಲಿಲ್ವೇನ್ರಿ?"