ಅವ್ವನಿಗೆ ಪಾಪ ಮಾಡಲು ಪುರುಸೊತ್ತಿರಲಿಲ್ಲ

ನಮ್ಮವ್ವ ನೇರವಾಗಿ ಸ್ವರ್ಗಕ್ಕೇ ಹೋಗಿದ್ದಾಳೆ. ಆ ಬಗ್ಗೆ ಚರ್ಚಿನ ಫಾದರಿಗೂ ಅನುಮಾನವಿಲ್ಲ, ನನಗೂ ಇಲ್ಲ. ನನ್ನ ಚಿಂತೆಯೆಲ್ಲ ಅಲ್ಲಿ ಮೊದಲೇ ಸೇರಿಕೊಂಡು ಹಾಯಾಗಿರುವ ಸಂತರದ್ದು! ಇಷ್ಟು ಹೊತ್ತಿಗೆ ಅವರನ್ನೆಲ್ಲ ಸಾಲಾಗಿ ಕೂರಿಸಿ, ನಾಲಿಗೆ ಚಾಚಿಸಿ ನೋಡಿ, ‘ಮೈಯಾಗ ರಕ್ತಾನ ಇಲ್ಲಲ್ಲ’ ಎಂದು ಗಂಜಿ ಕುಡಿಸಿರುತ್ತಾಳೆ. ಬೇಡವೆಂದವರ ಮೂಗು ಹಿಡಿದು!

ಅವ್ವ ಹುಟ್ಟಿದ್ದು ಸಿರುಗುಪ್ಪದ ಕಡೆಯ ಒಂದು ಭತ್ತದ ಹಳ್ಳಿಯಲ್ಲಿ. ಮದುವೆಯಾಗಿ ಬಳ್ಳಾರಿಗೆ ಬಂದಳು. ಅಪ್ಪ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಕಟಿಂಗ್ ಮಾಸ್ಟರ್. ನಾನು ಒಬ್ಬಳೇ ಮಗಳು. ಬೇರೆಯವರ ಮನೆಯಲ್ಲಿ ಒಬ್ಬಳೇ ಮಗಳೆಂದರೆ ಮುದ್ದಿನ ಗಿಣಿ. ನಮ್ಮ ಮನೆಯಲ್ಲಿ ಒಬ್ಬಳೇ ಮಗಳೆಂದರೆ ಗಂಜಿ ಕ್ಯಾನಿನ ಇನ್ನೊಂದು ಹಿಡಿಕೆ ಹಿಡಿಯುವವಳು! ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿದದ್ದೇ ತಡ, ಅವ್ವ ಆ ಕ್ಯಾನು ಹೊತ್ತು ದೊಡ್ಡಾಸ್ಪತ್ರೆಯ ವಾರ್ಡಿಗೆ ಹೊರಡುತ್ತಿದ್ದಳು. ಜೊತೆಗೆ ಯಾರೂ ಇಲ್ಲದ ರೋಗಿಗಳೆಂದರೆ ಅವಳಿಗೆ ಪ್ರಾಣ. ನನಗೆ ಜೊತೆಗೆ ಅವ್ವ ಇದ್ದಳಲ್ಲ, ಹಾಗಾಗಿ ನಾನು ಆ ಪಟ್ಟಿಯಲ್ಲಿ ಬರುತ್ತಿರಲಿಲ್ಲ.

ಅವಳ ಭಕ್ತಿಯೂ ಸಾಮಾನ್ಯದ್ದಲ್ಲ. ಪಾಪನಿವೇದನೆಗೆ ಹೋದಾಗ ನನ್ನ ಪಾಪಗಳನ್ನೂ ತಾನೇ ಹೇಳಿ ಬರುತ್ತಿದ್ದಳು! “ಅಕಿಗೆ ಪರೀಕ್ಷಿ ಐತ್ರಿ ಫಾದರ್, ಅದಕ್ಕ ಅಕೀವೂ ನಾನ ಹೇಳಿಬಿಡ್ತೀನಿ. ಅಪ್ಪಗ ಎದುರು ಮಾತಾಡ್ಯಾಳ, ಎರಡು ಸಲ.” ಫಾದರು ಪಾಪ, “ಅಮ್ಮಾ, ಮೊದಲು ನಿಮ್ಮವು ಹೇಳ್ರಿ” ಎಂದರಂತೆ. ಅದಕ್ಕೆ ಅವ್ವ, “ನನಗ ಪಾಪ ಮಾಡಾಕ ಪುರುಸೊತ್ತು ಎಲ್ಲಿ ಐತ್ರಿ?” ಎಂದಳಂತೆ. ಇದನ್ನು ಮನೆಗೆ ಬಂದು ಹೆಮ್ಮೆಯಿಂದ ನಮಗೆ ಹೇಳಿದವಳೂ ಅವಳೇ.

ಒಮ್ಮೆ ಸಿರುಗುಪ್ಪದ ಬಸ್ಸಿನಲ್ಲಿ ನಾವಿಬ್ಬರೂ ಹೋಗುತ್ತಿದ್ದೆವು. ಡ್ರೈವರ್ ಮೈಮೇಲೆ ಎಚ್ಚರವಿಲ್ಲದವನಂತೆ ಓಡಿಸುತ್ತಿದ್ದ. ಅವ್ವ ಜಪಮಾಲೆ ತೆಗೆದು ಇಡೀ ಬಸ್ಸಿಗೆ ಕೇಳುವಂತೆ ಶುರು ಮಾಡಿದಳು. ಕಂಡಕ್ಟರ್ ಬಂದು, “ಏನ್ ಓದಾಕತ್ತೀರಿ ಅಮ್ಮಾ?” ಎಂದ.

“ಸಾಯೋರಿಗೆ ಹೇಳೋ ಪ್ರಾರ್ಥನಿ, ಅಪ್ಪಾ.”

“ಇಲ್ಲಿ ಯಾರು ಸಾಯಾಕತ್ತಾರ್ರೀ?”

“ನಿಮ್ಮ ಡ್ರೈವರ್ ಹಿಂಗ ಹೊಡದ್ರ, ಎಲ್ಲಾರೂ. ನಿನ್ನ ಹೆಸರೇನಪ್ಪಾ? ಸೇರಿಸ್ತೀನಿ.”

ಆಮೇಲೆ ಆ ಬಸ್ಸು ಎತ್ತಿನ ಗಾಡಿಗಳಿಗೆ ದಾರಿ ಬಿಟ್ಟುಕೊಂಡು ಸಿರುಗುಪ್ಪ ಮುಟ್ಟಿತು!

ಇನ್ನು ಅಪ್ಪನ ಅಂಗಿಯ ಕಥೆ. ಒಂದು ಕ್ರಿಸ್‌ಮಸ್ಸಿಗೆ ಅಪ್ಪ ತನಗಾಗಿ ತಾನೇ ಒಂದು ಅಂಗಿ ಹೊಲಿದುಕೊಂಡ. ಎರಡು ಜೇಬು, ಎರಡಕ್ಕೂ ಮುಚ್ಚಳ. ಹಬ್ಬ ಮುಗಿದ ವಾರಕ್ಕೇ ಅಂಗಿ ಮಾಯ. ಕೆಲವು ದಿನಗಳ ನಂತರ ಅಪ್ಪ ಕೆಲಸದ ಮೇಲೆ ಕುರುಗೋಡಿಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಒಬ್ಬನ ಮೈಮೇಲೆ ಅದು ಕಾಣಿಸಿತು. ತನ್ನ ಕೈಯ ಹೊಲಿಗೆ ಯಾರಿಗೆ ಗೊತ್ತಾಗುವುದಿಲ್ಲ?

“ಅಂಗಿ ಭಾಳ ಚಲೋ ಐತಲ್ರಿ, ಎಲ್ಲಿ ತಗೊಂಡ್ರಿ?”

“ಆಸ್ಪತ್ರ್ಯಾಗ ಒಬ್ಬ ತಾಯಿ ಕೊಟ್ಟಳ್ರಿ. ಪಾಪ, ಅಕಿ ಗಂಡ ತೀರಿಕೊಂಡಿರಬೇಕು.”

ಅಪ್ಪ ಮನೆಗೆ ಬಂದವನೇ ಬಾಗಿಲಲ್ಲಿ ನಿಂತು, “ಏನೇ, ನಾ ಸತ್ತು ಎಷ್ಟು ದಿನ ಆತು?” ಎಂದ. ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಲಿಲ್ಲ. “ನಿಮಗ ಹೊಲಿಯಾಕ ಬರ್ತೈತಿ. ಅವಂಗ ಬರ್ತೈತೇನು?” ಎಂದಳು. ಅಪ್ಪ ನಕ್ಕ. ಅಪ್ಪ ಯಾವಾಗಲೂ ನಗುತ್ತಿದ್ದ. ನಗುವ ಗಂಡ ಸಿಕ್ಕರೆ ಯಾರು ಬೇಕಾದರೂ ಪುಣ್ಯವಂತರಾಗಬಹುದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಾನು ಮೇಷ್ಟ್ರಮ್ಮನಾಗಿ ಕುರುಗೋಡಿನಲ್ಲಿ ಮನೆ ಮಾಡಿದೆ. ಒಂದು ದಿನ, ಅವ್ವನ ವಾರ್ಡಿನಲ್ಲಿದ್ದ ಸಿರುಗುಪ್ಪದ ಹೆಂಗಸೊಬ್ಬಳನ್ನು ‘ಇನ್ನು ಮನೆಯಲ್ಲೇ ನೋಡಿಕೊಳ್ಳಿ’ ಎಂದು ಕಳಿಸಿದರು. ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಅವ್ವ ಚೀಲ ತುಂಬಿಕೊಂಡು ಅವಳ ಹಿಂದೆಯೇ ಹೋದಳು. ಮರುದಿನ ಅಪ್ಪ ನನಗೆ ಫೋನು ಮಾಡಿ, “ಎದಿ ಸ್ವಲ್ಪ ಹಿಡಕೊಂಡಂಗ ಆಗೈತಿ, ಗ್ಯಾಸ್ ಇರಬೇಕು” ಎಂದ. ಅವ್ವನಿಗೆ ತಿಳಿಸುತ್ತೇನೆ ಎಂದೆ. “ಬ್ಯಾಡವ್ವ, ಅಲ್ಲಿ ಯಾರೋ ಸಾಯಾಕತ್ತಾರಂತ” ಎಂದ.

ನಾನು ಬಸ್ಸು ಹಿಡಿದು ಬಳ್ಳಾರಿ ಮುಟ್ಟುವಷ್ಟರಲ್ಲಿ ಪಕ್ಕದ ಮನೆಯವರು ಅಪ್ಪನನ್ನು ಆಟೋದಲ್ಲಿ ಕರೆದೊಯ್ದಿದ್ದರು. ದಾರಿಯಲ್ಲೇ ಮುಗಿದಿತ್ತು. ಊರಿನ ಅನಾಥರಿಗೆಲ್ಲ ಕೊನೆಯ ಗುಟುಕು ನೀರು ಬಿಟ್ಟವಳ ಗಂಡ, ಒಂದು ಹನಿ ನೀರಿಲ್ಲದೆ ಆಟೋದಲ್ಲಿ ಹೋದ!

ಆ ಸಿರುಗುಪ್ಪದ ಹೆಂಗಸು? ಅವಳಿಗೇನು, ಗಟ್ಟಿಮುಟ್ಟಾಗಿ ಎದ್ದು ಕೂತಳು. ಇವತ್ತಿಗೂ ಭತ್ತದ ಗದ್ದೆಯಲ್ಲಿ ನಾಟಿ ಹಚ್ಚುತ್ತಾಳೆ.

ಸಂಜೆ ಅವ್ವ ಬಂದಳು. ಅಳಲಿಲ್ಲ. ಎಲ್ಲರಿಗೂ ಮಾಡುತ್ತಿದ್ದಂತೆ ಅಪ್ಪನ ಮೈ ಒರೆಸಿದಳು, ತಲೆ ಬಾಚಿದಳು, ಕೈಗೆ ಜಪಮಾಲೆ ಸುತ್ತಿದಳು. ನಂತರ ನೆರೆದವರ ಕಡೆ ತಿರುಗಿ, “ಯಾರಾರದು ಊಟ ಆಗಿಲ್ಲ?” ಎಂದಳು. ನನಗೆ ತಡೆಯಲಾಗಲಿಲ್ಲ.

“ನಿನ್ನ ವಾರ್ಡಿನ್ಯಾಗ ಅಪ್ಪಗ ಒಂದು ಮಂಚ ಇರಲಿಲ್ಲೇನು?” ಎಂದೆ, ಎಲ್ಲರೆದುರಿಗೇ.

ಅವ್ವ ನನ್ನನ್ನು ನೋಡಿದಳು. ಮುಂದಿನ ಭಾನುವಾರ ಮತ್ತೆ ಗಂಜಿ ಕ್ಯಾನು ಹೊತ್ತು ಹೊರಟಳೆಂದು ಕೇಳಿದೆ. ನಾನು ಆ ಮನೆಗೆ ಹೋಗುವುದನ್ನೇ ಬಿಟ್ಟೆ. ವರ್ಷಕ್ಕೊಂದು ಕ್ರಿಸ್‌ಮಸ್, ಒಂದು ಕೇಕು, ನಾಲ್ಕು ಮಾತು. ಅಷ್ಟೇ.

ಆಮೇಲೆ ಅವಳಿಗೆ ಮರೆವು ಶುರುವಾಯಿತು. ಗಂಜಿ ಕೊಟ್ಟವರಿಗೇ ಮತ್ತೆ ಕೊಡುವುದು, ಹೊರಗೆ ನಿಂತ ಆಟೋದವರನ್ನೂ ಮಲಗಿಸಿ ಜ್ವರ ನೋಡುವುದು. ವಾರ್ಡಿನವರೇ ಫೋನು ಮಾಡಿ ಕರೆದುಕೊಂಡು ಹೋಗಿ ಎಂದರು. ಕುರುಗೋಡಿಗೆ ಕರೆತಂದೆ. ಪ್ರೀತಿಯಿಂದಲ್ಲ; ಬೇರೆ ಯಾರೂ ಇರಲಿಲ್ಲ, ಅದಕ್ಕೆ.

ಚರ್ಚಿನ ಮಹಿಳಾ ಸಂಘದವರು ಬಂದರು. ಶಾಲು ಹೊದಿಸಿದರು, ಫೋಟೋ ತೆಗೆಸಿಕೊಂಡರು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಸಾವಿರ ಜನಕ್ಕೆ ಗಂಜಿ ಕುಡಿಸಿದವಳಿಗೆ ಒಂದು ಲೋಟ ಗಂಜಿ ತಂದವರಿಲ್ಲ. ಹಾಂ, ಸುಳ್ಳು ಹೇಳಬಾರದು, ಒಬ್ಬಳು ಬಂದಳು. ಸಿರುಗುಪ್ಪದವಳು! ತಲೆಯ ಮೇಲೆ ಹೊಸ ಅಕ್ಕಿಯ ಚೀಲ. ಅವ್ವನ ಕಾಲು ಹಿಡಿದು ಅತ್ತಳು. ನಾನು ಚಹಾ ಕೊಟ್ಟೆ, ಬೇಕೆಂದೇ ಸಕ್ಕರೆ ಹಾಕಲಿಲ್ಲ. ಆಕೆ, “ಚಾ ಭಾಳ ಚಲೋ ಆಗೈತ್ರಿ ಅಕ್ಕಾ” ಎಂದು ಕುಡಿದು ಹೋದಳು. ಕೆಲವರ ಮೇಲೆ ಸೇಡು ತೀರಿಸಿಕೊಳ್ಳುವುದೂ ಕಷ್ಟ!

ಅವ್ವ ತೀರಿಕೊಳ್ಳುವುದಕ್ಕೆ ಸ್ವಲ್ಪ ದಿನ ಮುಂಚೆ ನನಗೆ ಜ್ವರ ಬಂದಿತ್ತು. ಶಾಲೆಗೆ ರಜೆ ಹಾಕಿ ಮಧ್ಯಾಹ್ನ ಅವಳ ಪಕ್ಕದ ಮಂಚದಲ್ಲಿ ಮಲಗಿದ್ದೆ. ಹಣೆಯ ಮೇಲೆ ಯಾರೋ ಕೈಯಿಟ್ಟಂತಾಗಿ ಕಣ್ಣು ಬಿಟ್ಟೆ. ಅವ್ವ ಎದ್ದು ಬಂದು ನಿಂತಿದ್ದಳು. ಅವಳಿಗೆ ನನ್ನ ಗುರುತು ಹತ್ತಿರಲಿಲ್ಲ.

“ಯಾವೂರವ್ವ ನಿಂದು?”

“ಬಳ್ಳಾರಿ ರೀ.”

“ಮೈ ಕೆಂಡ ಆಗೈತಿ. ಜೊತಿಗೆ ಯಾರು ಅದಾರ? ನಿಮ್ಮವ್ವ ಬಂದಿಲ್ಲೇನು?”

“ಬಂದಿಲ್ರಿ” ಎಂದೆ.

ಅವಳು ಸೆರಗಿನ ತುದಿಯನ್ನು ತಂಬಿಗೆಯ ನೀರಿನಲ್ಲಿ ಅದ್ದಿ, ಹಿಂಡಿ, ನನ್ನ ಹಣೆ ಒರೆಸಿದಳು. ಕಣ್ಣು, ಕೆನ್ನೆ, ಕಿವಿಯ ಹಿಂದೆ. ಅಷ್ಟು ನಿಧಾನವಾಗಿ ಅವಳು ನನ್ನನ್ನು ಮುಟ್ಟಿದ ನೆನಪೇ ನನಗಿರಲಿಲ್ಲ.

“ಏನೋ ಕೆಲಸ ಇರಬೇಕು, ಬರ್ತಾಳ ತಗೋ. ಅಕಿ ಮ್ಯಾಲ ಸಿಟ್ಟಾಗಬ್ಯಾಡ. ಅಕಿ ಬರೋತನಕ ನಾ ಅದೀನಲ್ಲ, ಎಲ್ಲೂ ಹೋಗಂಗಿಲ್ಲ.”

ನಾನು ಗೋಡೆಯ ಕಡೆ ಸರಿದು, ಅವಳಿಗೆ ಕೂರಲು ಜಾಗ ಮಾಡಿದೆ.