ಬಸ್ಸು ಹತ್ತಿದ ಮುಡಿಪು

ನಡೆಯುವುದರಲ್ಲಿ ಕಲಿಯಬೇಕಾದದ್ದು ಏನಿದೆ? ಹನ್ನೊಂದನೇ ತಿಂಗಳಿಗೇ ನಾನು ಅದನ್ನು ಪಾಸು ಮಾಡಿದವಳು. ಬೇಕಿದ್ದರೆ ನಮ್ಮಮ್ಮನನ್ನು ಕೇಳಿ! ಹೀಗಾಗಿ ಮಂಡ್ಯದ ನಮ್ಮ ಬಡಾವಣೆಯ ಮಹಿಳಾ ಬಳಗದವರು ಮಳವಳ್ಳಿಯಿಂದ ಶಿವನಸಮುದ್ರದವರೆಗೆ ‘ಪಾರಂಪರಿಕ ಚಾರಣ’ ಎಂದು ಪ್ರಕಟಿಸಿದಾಗ ಮೊದಲು ಹೆಸರು ಕೊಟ್ಟವಳು ನಾನೇ. ಟಾರು ರಸ್ತೆ ಬಿಟ್ಟು ನಾಲೆಯ ಏರಿ, ಗದ್ದೆಯ ಬದು, ಪಾಳು ಮಂಟಪ, ಕುರುಚಲು ಕಾಡು ಎಲ್ಲ ಹಾದು ಕಾವೇರಿಯ ಹಳೆಯ ಕಲ್ಲುಸೇತುವೆ ಮುಟ್ಟುವುದು. ಭಾನುವಾರ ನಸುಕಿಗೆ ಹೊರಟರೆ ಸಂಜೆಗೆ ಮುಗಿಯುವ ನಡಿಗೆ.

ನಮ್ಮ ಮುಂದಾಳು ಪ್ರಭಾ, ಹೈಸ್ಕೂಲಿನ ಆಟದ ಮೇಡಂ. ಆಕೆಯ ಸೂಚನೆಗಳು: ದೂರದಿಂದ ಎದ್ದುಕಾಣುವ ಬಣ್ಣ ತೊಡಿ, ಕೈಯಲ್ಲಿ ಕೋಲಿರಲಿ, ಒಳ್ಳೆಯ ಶೂ ಹಾಕಿ. ನಾನು ಕಾನ್ವೆಂಟಿನಲ್ಲಿ ಓದಿದವಳು. ಸೂಚನೆ ಕಂಡರೆ ಪಾಲಿಸದೆ ಇರಲಾರೆ. ಕಡು ಕಿತ್ತಳೆ ಚೂಡಿದಾರ, ಬಿದಿರಿನ ಕೋಲು, ಇನ್ನೂ ಅಂಟಿನ ವಾಸನೆ ಬರುವ ಹೊಸ ಶೂ.

ಯಜಮಾನರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ಸನ್ಯಾಸಕ್ಕಾ?”

“ಚಾರಣಕ್ಕೆ!”

“ಹೊಸ ಶೂ ಹಾಕ್ಕೊಂಡು ಅಷ್ಟು ದೂರ ಯಾರಾದ್ರೂ ನಡೀತಾರೇನೆ?”

“ಮದುವೆ ದಿನ ನೀವು ಹೊಸ ಚಪ್ಪಲಿ ಹಾಕ್ಕೊಂಡೇ ಬಂದಿದ್ರಲ್ಲ?”

“ಅದರ ಫಲ ಅನುಭವಿಸ್ತಾ ಇದ್ದೀನಲ್ಲ” ಎಂದು ಅವರು ಪತ್ರಿಕೆ ಬಿಡಿಸಿಕೊಂಡರು.

ನಾಲೆಯ ಏರಿಯ ಮೇಲೆ ಎಡಗಾಲಿನ ಹಿಮ್ಮಡಿ ದೂರು ಸಲ್ಲಿಸಿತು. ಪೂರಿಗಾಲಿ ಹತ್ತಿರವಾಗುವಷ್ಟರಲ್ಲಿ ಬಲಗಾಲೂ ಅರ್ಜಿಗೆ ಸಹಿ ಹಾಕಿತು. “ನೀವು ನಡೀತಾ ಇರಿ, ಹಿಂದೇನೇ ಬಂದೆ” ಎಂದು ಪ್ರಭಾಳಿಗೆ ಹೇಳಿ, ಶೂ ಬಿಚ್ಚಿ ಚೀಲಕ್ಕೆ ತುರುಕಿ, ಬರಿಗಾಲಿನಲ್ಲಿ ನಿಧಾನವಾಗಿ ಹೆಜ್ಜೆ ಹಾಕಿದೆ.

ಈಗ ನೀವೇ ನೋಡಿ. ಶಿವರಾತ್ರಿಗೆ ಇನ್ನೊಂದು ವಾರ. ಮಾದಪ್ಪನ ಬೆಟ್ಟಕ್ಕೆ ಭಕ್ತರು ಊರೂರಿಂದ ನಡೆದು ಹೋಗುವ ಕಾಲ. ಅದೇ ದಿಕ್ಕಿನಲ್ಲಿ, ಕಾವಿಯಂಥ ಬಟ್ಟೆ, ಕೈಯಲ್ಲಿ ಕೋಲು, ಬರಿಗಾಲು, ಬೆನ್ನಿಗೆ ಗಂಟು ಹೊತ್ತ ಒಬ್ಬ ಹೆಂಗಸು. ಕಂಡವರಿಗೆಲ್ಲ ವಿಷಯ ಸ್ಪಷ್ಟವಾಗಿತ್ತು. ನನಗೊಬ್ಬಳಿಗೆ ಬಿಟ್ಟು!

ಬೈಕಿನಲ್ಲಿ ಹುಲ್ಲು ಹೇರಿಕೊಂಡು ಬಂದವರೊಬ್ಬರು “ಉಘೇ ಮಾದಪ್ಪ!” ಎಂದು ಕೈ ಮುಗಿದರು.

“ಗುಡ್ ಮಾರ್ನಿಂಗ್!” ಎಂದೆ.

ಅವರು ಬಹಳ ದೂರದವರೆಗೆ ತಿರುಗಿ ತಿರುಗಿ ನೋಡುತ್ತಾ ಹೋದರು.

ಮುಂದೆ ನೀಲಿ ಬಾಗಿಲಿನ ಒಂದು ಮನೆ. ಜಗುಲಿಯ ಮೇಲೆ ತಗ್ಗುಬಿದ್ದ ಹಿತ್ತಾಳೆ ಚೊಂಬು ಇಟ್ಟುಕೊಂಡು ಒಬ್ಬ ಅಜ್ಜಿ ಕೂತಿದ್ದರು. ಒಂದು ಕಿವಿಯಲ್ಲಿ ವಾಲೆ, ಇನ್ನೊಂದರಲ್ಲಿ ಬೇವಿನಕಡ್ಡಿ. ಹೆಸರು ಕೆಂಪಮ್ಮ ಎಂದು ಆಮೇಲೆ ತಿಳಿಯಿತು.

“ಬಾರವ್ವ, ಈ ಬಿಸ್ಲಲ್ಲಿ ಬರಿಗಾಲಲ್ಲಿ ಬತ್ತಾ ಇದ್ದೀಯ. ಕೂತ್ಕೊ. ಕಾಲ್ ಕೊಡಿಲ್ಲಿ.”

ನಾನು ಬಾಯಿ ತೆರೆಯುವುದರೊಳಗೆ ಕಾಲಿಗೆ ತಣ್ಣೀರು ಬಿತ್ತು. ‘ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವುದು ಒರಟುತನ’ ಎಂದು ಶಾಲೆಯಲ್ಲಿ ಸಿಸ್ಟರ್ ಕಲಿಸಿದ್ದರು. ಆ ಒಂದು ಪಾಠವನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ನಮ್ಮ ಮನೆಯಲ್ಲಿ ಯಾರೂ ಬಳಸದ ಹನ್ನೊಂದು ಉಪ್ಪಿನಕಾಯಿ ಜಾಡಿಗಳಿವೆ. ಮಜ್ಜಿಗೆ ಬಂತು, ಕುಡಿದೆ.

“ನಡ್ಕೊಂಡೇ ಓಗ್ತೀಯಾ?”

“ಹೂಂ ಅಜ್ಜಿ, ನಡೆದುಕೊಂಡೇ.” ಇದು ಸುಳ್ಳಲ್ಲ!

“ಒಬ್ಳೇನಾ?”

“ಜೊತೆಯವರು ಮುಂದೆ ಹೋಗಿದ್ದಾರೆ.” ಇದೂ ಸುಳ್ಳಲ್ಲ!

ಅಜ್ಜಿ ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋಗಿ, ಅರಿಶಿನದಲ್ಲಿ ಅದ್ದಿದ ಬಟ್ಟೆಯ ಪುಟ್ಟ ಗಂಟೊಂದನ್ನು ತಂದರು.

“ಮದ್ವೆಯಾಗಿ ಬಂದಾಗ್ಲಿಂದ ಒಂದು ವರ್ಸಾನೂ ಬೆಟ್ಟ ತಪ್ಸಿಲ್ಲ ಕಣವ್ವ. ಈ ಸಲ ಮಂಡಿ ಓಯ್ತು. ಒಲದ ಒಸ ರಾಗಿ ಮುಡಿಪು ಕಟ್ಟಿವ್ನಿ. ನಡ್ಕೊಂಡ್ ಓಗೋರ ಕೈಲೇ ಓಗ್ಬೇಕು ಅದು. ಮೂರು ದಿನದಿಂದ ದಾರಿ ಕಾಯ್ತಿದ್ದೆ. ಮಾದಪ್ಪನೇ ನಿನ್ನ ಕಳ್ಸವ್ನೆ.”

ಆಗ ನನಗೆ ಎಲ್ಲ ಅರ್ಥವಾಯಿತು. ನಿಜ ಹೇಳಬೇಕಾದ ಗಳಿಗೆ ಅದೇ. ಹೇಳಲೆಂದೇ ಬಾಯಿ ತೆರೆದೆ. ಅಜ್ಜಿಯ ಕಣ್ಣು ಒದ್ದೆಯಾಗಿತ್ತು.

“ಆಗಲಿ ಅಜ್ಜಿ” ಎಂದೆ.

ನನ್ನ ತಾಯಿಗಿಂತ ಹಿರಿಯಾಕೆ ಬಗ್ಗಿ ನನ್ನ ಕಾಲು ಮುಟ್ಟಿದರು. ಉಗುರುಗಳಿಗೆ ನಾನು ಚಾರಣಕ್ಕೆಂದು ಗುಲಾಬಿ ಬಣ್ಣ ಹಚ್ಚಿಕೊಂಡಿದ್ದೆ.

ಶಿವನಸಮುದ್ರಕ್ಕೆ ಎಲ್ಲರಿಗಿಂತ ಕೊನೆಯಲ್ಲಿ ತಲುಪಿದೆ. ಜಲಪಾತ ಕೂಡ ನನ್ನ ಪರವಾಗಿ ನಾಚಿಕೊಂಡಂತೆ ಸಣ್ಣಗೆ ಬೀಳುತ್ತಿತ್ತು. ಮುಡಿಪಿನ ಸುದ್ದಿ ಯಾರಿಗೂ ಹೇಳಲಿಲ್ಲ. ಬಸ್ಸು ಹತ್ತಿದೆವು. ಮುಡಿಪೂ ಹತ್ತಿತು.

ಮಾರನೆಯ ಬೆಳಿಗ್ಗೆ ಯಜಮಾನರು ದೇವರ ಗೂಡಿನ ಮುಂದೆ ನಿಂತು, “ಇದ್ಯಾವುದೇ ಹೊಸ ಗಂಟು?” ಎಂದರು. ಹೇಳಿದೆ. ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿದರು. ಅದಕ್ಕೇ ಹೆಚ್ಚು ಭಯವಾಯಿತು.

“ಬೆಟ್ಟ ಇರೋದು ಆ ಕಡೆ. ನೀನು ತಂದಿರೋದು ಈ ಕಡೆ. ಅದೂ ಬಸ್ಸಲ್ಲಿ.”

“ಕಾರಲ್ಲಿ ಹೋಗಿ ಒಪ್ಪಿಸಿಬಿಡೋಣವಾ?”

“ನಡ್ಕೊಂಡು ಹೋಗೋರ ಕೈಲಿ ಅಂದಿದ್ದಾಳಲ್ಲ ಆಯಮ್ಮ. ವಾಪಸ್ ಕೊಟ್ಟು ನಿಜ ಹೇಳಿ ಬಾ.”

“ಯಾವ ಮುಖ ಇಟ್ಟುಕೊಂಡು?”

“ಇರೋದು ಒಂದೇ ಅಲ್ವಾ!”

ನಿಜ ಹೇಳುವುದಕ್ಕಿಂತ ಸುಲಭದ ಉಪಾಯವೊಂದು ನನಗೆ ಹೊಳೆಯಿತು. ಬುಧವಾರ ಮಳವಳ್ಳಿಗೆ ಹೋದೆ. ಊರಾಚೆಯ ಹುಣಸೆಮರದ ಕೆಳಗೆ ಮದ್ದೂರು ಕಡೆಯ ಕೊಪ್ಪದಿಂದ ಬಂದ ಪಾದಯಾತ್ರೆಯ ತಂಡ ಕೂತಿತ್ತು. ಅವರ ಹಿರಿಯ ಸಿದ್ದೇಗೌಡರಿಗೆ ಗಂಟು ಚಾಚಿ, “ಮಂಡ್ಯದಲ್ಲಿರುವ ನಮ್ಮಜ್ಜಿಯ ಮುಡಿಪು” ಎಂದೆ. ಇದು ಸುಳ್ಳು.

“ಮುಡಿಪ ಬೀದೀಲಿ ಇಸ್ಕಳಂಗಿಲ್ಲ ಕಣಮ್ಮ. ಮುಂದೆ ಒಂದ್ ಮನೇಲಿ ಮಜ್ಜಿಗೆ ಕುಡೀತೀವಿ. ಅಲ್ಲಿಗಂಟ ನೀವೇ ಒತ್ಕೊಂಡ್ ಬನ್ನಿ. ಅಲ್ಲಿ ಕೂತು ಕಾಯಿ ಒಡ್ದು ಇಸ್ಕತೀವಿ.”

“ಎಷ್ಟು ದೂರ?”

“ಇಲ್ಲೇ.”

ನಮ್ಮ ಸೀಮೆಯ ‘ಇಲ್ಲೇ’ಯನ್ನು ಅಳೆದವರಿಲ್ಲ. ಮುಡಿಪು ಕೈಯಲ್ಲಿದ್ದುದರಿಂದ ಬರಿಗಾಲು ಕಡ್ಡಾಯ. ಭಾನುವಾರದ ಬೊಬ್ಬೆಗಳು ಎದ್ದು ಕೂತವು. ಅದೇ ನಾಲೆಯ ಏರಿ ಬಂತು. ಅದೇ ಪಾಳು ಮಂಟಪ ಬಂತು. ಆಮೇಲೆ ನೀಲಿ ಬಾಗಿಲು ಬಂತು!

ನಾನು ಎಲ್ಲರ ಬೆನ್ನಿಗೆ ಸರಿದೆ. ಪ್ರಯೋಜನವಾಗಲಿಲ್ಲ.

“ಅಯ್ ನಮ್ಮವ್ವ!” ಕೆಂಪಮ್ಮಜ್ಜಿಯ ಕೈ ಗಲ್ಲಕ್ಕೆ ಹೋಯಿತು. “ಬಾನುವಾರ ಇಲ್ಲಿಂದ ಮುಂದಕ್ಕೋದೋಳು ಇವತ್ತು ಇಂದ್ಗಡೆಯಿಂದ ಬತ್ತಾ ಇದ್ದೀಯಲ್ಲ! ಅದೆಂಗ್ ನಡೀತೀಯವ್ವ ನೀನು?”

ಸಿದ್ದೇಗೌಡರು ನನ್ನ ಕಡೆ ತಿರುಗಿದರು. “ನಿಮ್ಮಜ್ಜಿ ಮಂಡ್ಯದಲ್ಲವ್ರೆ ಅಂದ್ರಿ?”

ಇನ್ನು ಉಪಾಯ ಉಳಿದಿರಲಿಲ್ಲ. “ಅಜ್ಜಿ, ನಾನು ಬೆಟ್ಟಕ್ಕೆ ಹೊರಟವಳೇ ಅಲ್ಲ. ಅವತ್ತು ಸುಮ್ಮನೆ ನಡೆಯೋಕೆ ಬಂದಿದ್ದೆ.”

“ಸುಮ್ಕೆ ಅಂದ್ರೆ?”

“ಸುಮ್ಮನೆ... ಕಾಡು, ಹೊಳೆ ನೋಡೋಕೆ.”

“ದೇವ್ರಿಗಲ್ಲ, ಕೆಲ್ಸಕ್ಕಲ್ಲ, ಸುಮ್ಕೆ? ಕೇಳುದ್ರಾ ಗೌಡ್ರೆ, ಸುಮ್ಕೆ ನಡೀತಾರಂತೆ!” ಅಜ್ಜಿ ನನ್ನ ಕೈಯ ಗಂಟು ನೋಡಿದರು. “ಇದೆಲ್ಲಿತ್ತು ಇಷ್ಟು ದಿನ?”

“ಮಂಡ್ಯಕ್ಕೆ ಹೋಗಿತ್ತು.”

“ಎಂಗೆ?”

“ಬಸ್ಸಲ್ಲಿ.”

“ನಾನೇ ಮಂಡ್ಯದ ಬಸ್ಸು ಅತ್ತಿ ವರ್ಸಾಯ್ತು. ನನ್ ಮುಡಿಪು ಓಗ್ಬಂತಾ!”

ತಂಡವೆಲ್ಲ ಗೊಳ್ಳೆಂದು ನಕ್ಕಿತು. ಅಜ್ಜಿ ನಗಲಿಲ್ಲ.

ಗಂಟು ಬಿಚ್ಚಿ ರಾಗಿಯನ್ನು ಅಂಗಳಕ್ಕೆ ಚೆಲ್ಲಿದರು. ಬಸ್ಸು ಹತ್ತಿದ ರಾಗಿ ಕೋಳಿಗಳ ಪಾಲಾಯಿತು. ಒಳಗೆ ಹೋಗಿ ಹೊಸ ರಾಗಿ, ಹೊಸ ಅರಿಶಿನದ ಬಟ್ಟೆಯಲ್ಲಿ ಇನ್ನೊಂದು ಮುಡಿಪು ಕಟ್ಟಿ ತಂದು ಸಿದ್ದೇಗೌಡರ ಕೈಗಿಟ್ಟು, ಅವರ ಕಾಲು ಮುಟ್ಟಿದರು. ನಾನು ನನ್ನ ಕಾಲುಗಳನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡೆ.

ಎಲ್ಲರಿಗೂ ಮಜ್ಜಿಗೆ ಕೊಟ್ಟಾದ ಮೇಲೆ ಚೊಂಬು ನನ್ನ ಮುಂದೆ ಬಂದು ನಿಂತಿತು.

“ಅವತ್ತೇ ಏಳಕ್ಕೇನಾಗಿತ್ತವ್ವ? ಬ್ಯಾಡ ಅನ್ನೋದು ಒಂದ್ ಮಾತು.”

ನಾನು ಅಂಗಳದ ಕೋಳಿಗಳನ್ನು ಎಣಿಸತೊಡಗಿದೆ.

“ತಕೊ, ಕುಡಿ. ಸುಳ್ಳು ಏಳೋರ್ಗೂ ಬಾಯಾರ್ತದೆ.”

ಮಾನವಂತೆಯಾದ ಯಾವ ಹೆಂಗಸಾದರೂ ಆ ಗಳಿಗೆಯಲ್ಲಿ ಕೈ ಮುಗಿದು ಬೇಡವೆನ್ನುತ್ತಿದ್ದಳು. ನಾನು ಲೋಟ ಒಡ್ಡಿದೆ. ಉಪ್ಪು ಹದವಾಗಿತ್ತು, ಕರಿಬೇವೂ ಇತ್ತು. ಒಂದೇ ಉಸಿರಿಗೆ ಖಾಲಿ ಮಾಡಿದೆ.

“ಇನ್ನೊಂಚೂರು ಬುಡ್ಲಾ?” ಎಂದರು ಅಜ್ಜಿ, ನನ್ನ ಮುಖವನ್ನೇ ನೋಡುತ್ತಾ.

“ಆಗಲಿ ಅಜ್ಜಿ” ಎಂದೆ!