ಅತ್ತೆಯ ಉಪಪ್ರಶ್ನೆಗಳು

ನಮ್ಮತ್ತೆಗೆ ಉತ್ತರ ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ. ಕೊಟ್ಟು ಪಾರಾದವರು ಮಾತ್ರ ಇಡೀ ಕಲ್ಕತ್ತೆಯಲ್ಲಿ ಒಬ್ಬರೂ ಇಲ್ಲ!

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಧಾರವಾಡದವಳು. ಕಲ್ಕತ್ತೆಯ ರೈಲ್ವೆ ಕಚೇರಿಯಲ್ಲಿ ಟೈಪಿಸ್ಟ್, ಇದ್ದದ್ದು ನಮ್ಮ ಮನೆಯಲ್ಲೇ. ಮದುವೆಯಾಗಲಿಲ್ಲ. ಯಾಕೆ ಅಂತೀರಾ? ನೋಡಲು ಬಂದ ವರ ದೊಡ್ಡಸ್ತಿಕೆಯಿಂದ “ಹುಡುಗೀದು ಏನರ ಕೇಳೋದಿದ್ರ ಕೇಳ್ಲಿ” ಅಂದನಂತೆ. ಪಾಪ, ಅವನಿಗೇನು ಗೊತ್ತು! ಒಂದೂವರೆ ತಾಸಾದ ಮೇಲೆ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದನಂತೆ. ಹೋಗುವ ಅವಸರದಲ್ಲಿ ನಮ್ಮಜ್ಜನ ಚಪ್ಪಲಿ ಮೆಟ್ಟಿಕೊಂಡು ಹೋದನಂತೆ. ಮರಳಿಸಲೂ ಬರಲಿಲ್ಲ!

ಲೇಕ್ ಮಾರ್ಕೆಟ್ಟಿನಲ್ಲಿ ಅವಳು ಬದನೆಕಾಯಿ ಕೊಳ್ಳುವುದನ್ನು ನೀವು ನೋಡಬೇಕಿತ್ತು.

“ತಾಜಾ ಅದೇನು?”

“ಏಕ್ದಮ್ ತಾಜಾ, ದಿದಿ. ಇವತ್ತು ಬೆಳಗ್ಗೆ ಬಂದದ್ದು.”

“ಎಷ್ಟು ಗಂಟೇಕ್ಕ?”

“ಐದಕ್ಕೆ.”

“ಹ್ಯಾಂಗ ಬಂತು?”

“ಲೋಕಲ್ ಗಾಡಿಯಲ್ಲಿ, ಮತ್ತೆ ಹೇಗೆ?”

“ಇವತ್ತ ಮುಂಜಾನಿ ಲೋಕಲ್ ಗಾಡಿ ಎಲ್ಲಾ ರದ್ದು. ನೋಟೀಸು ನಿನ್ನಿ ನಾನ ಟೈಪ್ ಮಾಡೇನಿ!”

(ಅತ್ತೆ ಹೊರಗೆ ಆಡುತ್ತಿದ್ದುದು ಬಂಗಾಳಿ. ನಾನು ಇಲ್ಲಿ ಧಾರವಾಡದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳ ಬಂಗಾಳಿಗೂ ಇದಕ್ಕೂ ಅಂಥ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ!)

ಇಂಥ ಅತ್ತೆ ಇರುವ ಮನೆಯ ಕೆಳಗಡೆಗೆ ಒಬ್ಬ ಶಾಸಕರು ಬಾಡಿಗೆಗೆ ಬಂದರು ಅಂದರೆ ಅದನ್ನು ದೈವಲೀಲೆ ಅನ್ನಬೇಕೋ ಅಪಘಾತ ಅನ್ನಬೇಕೋ ನೀವೇ ಹೇಳಿ.

ಎಡಪಂಥದ ಸರ್ಕಾರ ಬಂದು ಕೆಲವು ವರ್ಷಗಳಾಗಿದ್ದವು. ಶಾಸಕರು ಆಳುವ ಕಡೆಯವರೇ. ಮೊದಲು ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು, ಹಾಗಾಗಿ ಎಲ್ಲರ ಬಾಯಲ್ಲೂ ‘ಮಾಸ್ಟರ್‌ಮೊಶಾಯ್’, ನಮ್ಮ ಮನೆಯಲ್ಲಿ ‘ಮಾಸ್ಟರು’. ಅವರ ಕ್ಷೇತ್ರ ನಮ್ಮ ಓಣಿಯಿಂದ ಸ್ವಲ್ಪ ದೂರ, ರೈಲು ಹಳಿಯ ಆಚೆ. ಎಷ್ಟು ಸಾಧು ಅಂದರೆ ಮೆಟ್ಟಿಲ ಮೇಲೆ ಬೆಕ್ಕು ಮಲಗಿದ್ದರೆ ಅದು ಏಳುವವರೆಗೆ ನಿಂತಿರುತ್ತಿದ್ದರು. ಅಂಥವರನ್ನು ಅತ್ತೆ ಬಾಗಿಲಲ್ಲೇ ತಡೆದು, “ನೀವು ಅಲ್ಲೆ ಹೋಗಿ ಏನ ಮಾಡ್ತೀರಿ?” ಎಂದು ಕೇಳಿದಳು. ಮಾಸ್ಟರು ವಿವರಿಸಲು ಹೋಗಿ, ಅದು ಸಾಧ್ಯವಿಲ್ಲವೆಂದು ಮನಗಂಡು, ವಿಧಾನಸಭೆಯ ಪ್ರೇಕ್ಷಕರ ಗ್ಯಾಲರಿಗೆ ಎರಡು ಪಾಸು ಕೊಟ್ಟುಬಿಟ್ಟರು. ಒಂದು ಅತ್ತೆಗೆ, ಇನ್ನೊಂದು ಕಾಲೇಜಿಗೆ ರಜೆ ಇದ್ದ ನನಗೆ.

ನಾವು ಹೋದದ್ದು ಪ್ರಶ್ನೋತ್ತರದ ವೇಳೆಗೆ. ಕೊಡೆ, ಚೀಲ ಎಲ್ಲ ಹೊರಗಿಟ್ಟು, ಮೆತ್ತಗೆ ಹೆಜ್ಜೆಯಿಟ್ಟು ಮೇಲೆ ಕುಳಿತೆವು. ಕೆಳಗೆ ಒಬ್ಬ ಸದಸ್ಯರು ಎದ್ದರು, ಪ್ರಶ್ನೆಯ ನಂಬರು ಹೇಳಿದರು. ಮಂತ್ರಿ ಎದ್ದು ಉತ್ತರ ಓದಿದರು. ಸರಿ, ಮುಗಿಯಿತಲ್ಲ ಅಂದುಕೊಂಡೆವು. ಎಲ್ಲಿ ಮುಗಿಯುತ್ತದೆ! ಸದಸ್ಯರು ಮತ್ತೆ ಎದ್ದರು. ಉಪಪ್ರಶ್ನೆ! ಅದಕ್ಕೆ ಉತ್ತರ. ಮತ್ತೊಂದು ಉಪಪ್ರಶ್ನೆ! ಪಕ್ಕದವರದೂ ಒಂದು! ಇವಕ್ಕೆಲ್ಲ ಮಂತ್ರಿ ನಿಂತ ಕಾಲಲ್ಲೇ ಬಾಯಿಂದಲೇ ಉತ್ತರ ಹೇಳಬೇಕು. ಅತ್ತೆ ನನ್ನ ತೋಳನ್ನು ಹಿಂಡಿದಳು. ಕಣ್ಣು ಥಳಥಳ!

“ಇದು ಕಾಯ್ದೇ ಪ್ರಕಾರ ಐತೇನ? ಒಂದ ತಾಸು ಬರೇ ಕೇಳೋದು? ಅವರು ಹೇಳಾಕಬೇಕು? ಎದ್ದು ಹೋಗೂಹಂಗಿಲ್ಲ?”

ನನಗನ್ನಿಸುತ್ತದೆ, ಕಾಶಿಗೆ ಹೋದವರಿಗೂ ಅಷ್ಟು ಆನಂದವಾಗಿರಲಿಕ್ಕಿಲ್ಲ.

ಅನಾಹುತವಾದದ್ದು ರಸ್ತೆ ಗುಂಡಿಗಳ ಪ್ರಶ್ನೆಯಲ್ಲಿ. ಸಂಬಂಧಪಟ್ಟ ಮಂತ್ರಿಗಳು “ಗುಂಡಿಗಳನ್ನು ಹಂತ ಹಂತವಾಗಿ ಮುಚ್ಚಲಾಗುತ್ತಿದೆ” ಎಂದು ಓದಿ ಕುಳಿತರು. ಕೇಳಿದ ಸದಸ್ಯರೂ ಸುಮ್ಮನಾದರು. ಅತ್ತೆ ಎರಡು ಕ್ಷಣ ಕಾದಳು. ಆಮೇಲೆ ಗ್ಯಾಲರಿಯಲ್ಲಿ ಎದ್ದು ನಿಂತು, ಭಾವಾವೇಶದಲ್ಲಿ ಶುದ್ಧ ಕನ್ನಡದಲ್ಲಿ ಗುಡುಗಿದಳು: “ಹಂತ ಅಂದ್ರ ಎಷ್ಟರೀ? ಎರಡೋ, ನಾಕೋ?”

ಕೆಳಗಿನ ತಲೆಗಳೆಲ್ಲ ಮೇಲಕ್ಕೆ ತಿರುಗಿದವು! ಯಾವುದೋ ಅಜ್ಞಾತ ಭಾಷೆಯಲ್ಲಿ ಘೋಷಣೆ ಕೂಗಿದ್ದಾರೆಂದು ಕಾವಲಿನ ಹೆಂಗಸು ಓಡಿಬಂದು ನಮ್ಮಿಬ್ಬರನ್ನೂ ಹೊರಗೆ ನಡೆಸಿದಳು. ಕಾರಿಡಾರಿನಲ್ಲಿ ಅತ್ತೆ ಅವಳನ್ನು “ಯಾವ ನಿಯಮದಾಗ? ಎಲ್ಲಿ ಬರದದ? ನೀ ಓದೀಯೇನು?” ಎಂದು ಹಿಡಿದುಕೊಂಡಳು. ಐದೇ ನಿಮಿಷ. ಅವಳೇ ನಮಗೆ ಕ್ಯಾಂಟೀನಿನಿಂದ ಚಹಾ ತರಿಸಿಕೊಟ್ಟು, ಟ್ರಾಮಿನವರೆಗೆ ಬಿಟ್ಟು ಹೋದಳು!

ಅಲ್ಲಿಂದ ಅತ್ತೆಯ ಕ್ಯಾಷುಯಲ್ ರಜೆಗಳೆಲ್ಲ ವಿಧಾನಸಭೆಗೇ ಮೀಸಲು. ಜನ ಫುಟ್‌ಬಾಲ್ ಪಂದ್ಯಕ್ಕೆ ಹೋಗುವ ಊರಲ್ಲಿ ಇವಳು ಪ್ರಶ್ನೋತ್ತರಕ್ಕೆ ಹೋಗುತ್ತಿದ್ದಳು. ಸಂಜೆ ಬಂದು ಅಮ್ಮನಿಗೆ ಆಟದ ವರದಿ: “ಇವತ್ತ ಆ ಕನ್ನಡಕದಾಂವ ಛಲೋ ಕೇಳಿದಾ. ಮಂತ್ರಿ ಬೆವರಿಬಿಟ್ಟಾ!” ಒಬ್ಬರ ಮೇಲೆ ಮಾತ್ರ ಅವಳಿಗೆ ತಡೆಯಲಾರದ ಸಿಟ್ಟು. ಯಾರು? ಪಾಸು ಕೊಟ್ಟ ಪುಣ್ಯಾತ್ಮರೇ! ಮಾಸ್ಟರು ಮೂರು ವರ್ಷದಲ್ಲಿ ಒಂದೇ ಒಂದು ಸಲ ಬಾಯಿ ಬಿಟ್ಟಿದ್ದರು. ಮಂತ್ರಿ “ವಿಷಯ ಪರಿಶೀಲನೆಯಲ್ಲಿದೆ” ಅಂದರಂತೆ. ಮಾಸ್ಟರು ಕೈಮುಗಿದು ಕುಳಿತುಬಿಟ್ಟರಂತೆ.

“ಕೈಮುಗದು ಕುಂತಬಿಟ್ಟಾ! ಅದೇನ ಗುಡೀನ?” ಎಂದು ಅತ್ತೆ ಆ ರಾತ್ರಿ ಊಟವನ್ನೇ ಸರಿಯಾಗಿ ಮಾಡಲಿಲ್ಲ.

ಇಷ್ಟರವರೆಗೆ ಎಲ್ಲ ತಮಾಷೆಯೇ. ಆಮೇಲೆ ಪುಷ್ಪಾಳ ಹೆರಿಗೆಯ ದಿನ ಬಂತು.

ನಮ್ಮ ಮನೆಯಲ್ಲಿ ಪಾತ್ರೆ ಬಟ್ಟೆಗೆ ಬರುತ್ತಿದ್ದವಳು ಮಾಲತಿ. ಮಾಸ್ಟರ ಕ್ಷೇತ್ರದ ಬಸ್ತಿಯವಳು, ಅಂದರೆ ಕೊಳೆಗೇರಿಯವಳು. ಪುಷ್ಪಾ ಅವಳ ಮಗಳು, ಚೊಚ್ಚಲ ಬಸುರಿ. ಒಂದು ಬೆಳಗ್ಗೆ ಮಾಲತಿ ಅಳುತ್ತ ಓಡಿಬಂದಳು. ಕಚೇರಿಗೆ ಹೊರಟು ನಿಂತಿದ್ದ ಅತ್ತೆ ಹಾಗೇ ಟ್ಯಾಕ್ಸಿ ಹಿಡಿದು, ಬಸ್ತಿಗೆ ಹೋಗಿ ಪುಷ್ಪಾಳನ್ನು ಕೂರಿಸಿಕೊಂಡಳು. ಆಸ್ಪತ್ರೆ ಬಹಳ ದೂರ. ದಾರಿಯಲ್ಲಿ ಯಾವುದೋ ಮೆರವಣಿಗೆ; ಗಾಡಿ ಮುಂದೂ ಹೋಗದು ಹಿಂದೂ ಹೋಗದು. ಡ್ರೈವರು ಸ್ಟೇರಿಂಗಿಗೆ ಹಣೆ ಹಚ್ಚಿ ರಾಮನಾಮ ಹೇಳುತ್ತಿದ್ದನಂತೆ. ಮಗು ಟ್ಯಾಕ್ಸಿಯಲ್ಲೇ, ಅತ್ತೆಯ ಮಡಿಲಲ್ಲೇ ಹುಟ್ಟಿತು. ಹೆಣ್ಣು. ಮಗುವೇನೋ ಗಟ್ಟಿಯಾಗಿ ಅತ್ತಿತು, ಪುಷ್ಪಾ ಮಾತ್ರ ರಕ್ತ ಹೋಗಿ ಹೋಗಿ ಬಿಳುಚಿ, ಹತ್ತು ದಿನ ಸಾವಿನ ಬಾಗಿಲಲ್ಲಿ ಮಲಗಿದ್ದಳು.

ಇದರಲ್ಲಿ ಅತ್ತೆಗೆ ನುಂಗಲಾಗದೆ ಹೋದದ್ದು ಏನು ಗೊತ್ತೇ? ಪುಷ್ಪಾಳ ಮನೆಯಿಂದ ಎಂಬತ್ತು ಹೆಜ್ಜೆ ದೂರದಲ್ಲಿ ಒಂದು ಸರ್ಕಾರಿ ಹೆರಿಗೆ ಮನೆಯಿತ್ತು. ಕಟ್ಟಿ ನಾಲ್ಕು ವರ್ಷವಾಗಿತ್ತು. ಬಾಗಿಲಿಗೆ ಬೀಗ!

ಹೆರಿಗೆಯಾದ ದಿನವೇ ಸಂಜೆ ಅತ್ತೆ ಸೀರೆಯನ್ನೂ ಬದಲಿಸದೆ, ರಕ್ತದ ಕಲೆಯಲ್ಲೇ ಮಾಸ್ಟರ ಬಾಗಿಲಿಗೆ ಹೋಗಿ ನಿಂತಳು. ನಾನು ಮೆಟ್ಟಿಲ ಮೇಲಿದ್ದೆ.

“ಮಾಸ್ಟರ, ಆ ಬೀಗದ ಕೀಲಿ ಯಾರ ಕಡೆ ಅದ?”

ಮಾಸ್ಟರು ಸೀರೆಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. “ನನಗೆ ಗೊತ್ತಿಲ್ಲ, ದಿದಿ.”

“ಗೊತ್ತಿಲ್ದವರು ಕೇಳಬೇಕು. ನಾವು ಗ್ಯಾಲರಿಯಾಗ ಬಾಯಿ ತಗದ್ರ ಹೊರಗ ಹಾಕ್ತಾರ. ನೀವು ತಗೀಲಿಲ್ಲ ಅಂದ್ರ ಯಾರು ತಗೀಬೇಕು?”

“ದಿದಿ, ಮಂತ್ರಿಗಳು ನಮ್ಮ ಪಕ್ಷದವರೇ. ನಮ್ಮವರನ್ನೇ ಸಭೆಯಲ್ಲಿ ನಿಲ್ಲಿಸಿ ಕೇಳಿದರೆ...” ಎಂದು ಅರ್ಧಕ್ಕೆ ನಿಲ್ಲಿಸಿದರು. ಆಮೇಲೆ ಮತ್ತೊಮ್ಮೆ ಆ ಸೀರೆಯನ್ನು ನೋಡಿ, “ಸರಿ, ಬರೆದುಕೊಡುತ್ತೇನೆ” ಅಂದರು.

ಬರೆದುಕೊಟ್ಟರು, ಚುಕ್ಕೆ ಗುರುತಿನ ಪ್ರಶ್ನೆಯಾಗಿಯೇ; ಅಂದರೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರಿಸಬೇಕಾದದ್ದು. ಸರದಿ ಬರಲು ಇನ್ನೂ ಕೆಲವು ವಾರಗಳಿದ್ದವು. ಅತ್ತೆ ಬಿಡುತ್ತಾಳೆಯೇ? ಮಾಲತಿಯನ್ನು ಕರೆದುಕೊಂಡು ಹೆರಿಗೆ ಮನೆಗೆ ಹೋದಳು. ಅಲ್ಲೊಬ್ಬ ಕಾವಲುಗಾರ ಮೆಣಸಿನಕಾಯಿ ಒಣಗಿಸುತ್ತಿದ್ದ. ಅವನಿಗೂ ಅತ್ತೆಗೂ ಎರಡು ತಾಸು ಸಂವಾದ ನಡೆಯಿತು. ಮಂಚಗಳು ಬಂದಿವೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿವೆ. ನೀರಿದೆ. ಲೈಟಿದೆ. ದಾದಿಯರ ನೇಮಕದ ಕಾಗದ ಮಾತ್ರ ಎರಡು ಕಚೇರಿಗಳ ನಡುವೆ ತಿರುಗುತ್ತಿದೆ. ಕೊನೆಗೆ ಅತ್ತೆ ಕೇಳಿದಳು:

“ನಿನಗ ಮಕ್ಕಳದಾವೇನಪಾ?”

“ಎರಡು, ಮಾಶಿಮಾ. ಇಲ್ಲಿ ಕೆಲಸಕ್ಕೆ ಸೇರಿದ ಮೇಲೇ ಹುಟ್ಟಿದವು.”

“ಎಲ್ಲಿ ಹುಟ್ಟಿದ್ವು?”

ಕಾವಲುಗಾರ ತಲೆ ಕೆರೆದುಕೊಂಡ. “ಬೇರೆ ಆಸ್ಪತ್ರೆಯಲ್ಲಿ. ಇಲ್ಲಿ ಬೀಗ ಅಲ್ಲವೇ!”

ಇನ್ನು ತಾಲೀಮು. ಭಾನುವಾರ ಬೆಳಗ್ಗೆ ನಮ್ಮ ಪಡಸಾಲೆಯೇ ವಿಧಾನಸಭೆ. ಅಪ್ಪ ಲಟ್ಟಣಿಗೆ ಹಿಡಿದು ಸಭಾಧ್ಯಕ್ಷ. ಅತ್ತೆಯೇ ಮಂತ್ರಿ. ನಾನು ಮತ್ತು ಮಾಸ್ಟರ ಹೆಂಡತಿ ವಿರೋಧ ಪಕ್ಷ, ಗಲಾಟೆ ಮಾಡುವ ಜವಾಬ್ದಾರಿ ನಮ್ಮದು.

ಮಂತ್ರಿ ಅತ್ತೆ ಗಂಭೀರವಾಗಿ ಓದಿದಳು: “ವಿಷಯ ಪರಿಶೀಲನೆಯಾಗ ಅದ.”

ಮಾಸ್ಟರು ಕೈಮುಗಿದರು.

“ಕೈ ಕೆಳಗ! ಕೇಳ್ರಿ, ಯಾರು ಪರಿಶೀಲನಾ ಮಾಡಾಕತ್ತಾರ?”

“ಯಾರು... ಪರಿಶೀಲಿಸುತ್ತಿದ್ದಾರೆ?”

“ಇಲಾಖೆ. ಸದ್ಯದಾಗ ತೀರ್ಮಾನ ಆಗತದ.”

“ಓ, ಹಾಗಾದರೆ ಬಹಳ ಸಂತೋಷ” ಎಂದು ಮಾಸ್ಟರು ಮನಸ್ಸಾರೆ ನಕ್ಕು ಕುಳಿತೇಬಿಟ್ಟರು!

ಅತ್ತೆ ಹಣೆ ಚಚ್ಚಿಕೊಂಡಳು. ಅಪ್ಪ ಲಟ್ಟಣಿಗೆ ಬಡಿದು ಬಡಿದು ಮೇಜಿನ ಗಾಜು ಒಡೆದ. ಅಮ್ಮ “ಒಲಿ ಮ್ಯಾಲೆ ಸಾರದ, ನಾ ಸಭಾತ್ಯಾಗ ಮಾಡ್ತೀನಿ” ಎಂದು ಅಡಿಗೆ ಮನೆಗೆ ನಡೆದಳು. ಹೋಗುವಾಗ ಲಟ್ಟಣಿಗೆಯನ್ನೂ ಕಿತ್ತುಕೊಂಡು ಹೋದಳು. ಹೀಗೆ ಐದು ಭಾನುವಾರ. ಕೊನೆಯ ವಾರ ಅತ್ತೆ ಯಾಕೋ ಮೆತ್ತಗಾಗಿ ಹೇಳಿದಳು: “ಮಾಸ್ಟರ, ಲೆಕ್ಕಾ ತಪ್ಪಿದ ಹುಡುಗನ್ನ ನೀವು ಹಂಗ ಬಿಡತಿದ್ರೇನು? ಯಾವ ಮೆಟ್ಟಲದಾಗ ತಪ್ಪೀದಿ ಅಂತ ಕೇಳತಿದ್ದಿಲ್ಲೇನು? ಹಂಗ ಕೇಳ್ರಿ.”

ಮಾಸ್ಟರು ಮುಖವೆತ್ತಿ ಅವಳನ್ನೇ ನೋಡಿದರು.

ಆ ದಿನ ಬಂತು! ಗ್ಯಾಲರಿಯಲ್ಲಿ ಅತ್ತೆ, ನಾನು, ಮಾಲತಿ. ಮತ್ತೆ ಕೂಗಿದರೆ ಜನ್ಮದಲ್ಲಿ ಪಾಸು ಸಿಗದೆಂದು ಅತ್ತೆ ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಮಾಸ್ಟರು ಹಿಂದಿನ ಸಾಲಿನಲ್ಲಿ ಎದ್ದು ನಂಬರು ಹೇಳಿದರು; ದನಿ ಅವರ ಪಕ್ಕದವರಿಗಾದರೂ ಕೇಳಿಸಿತೋ ಇಲ್ಲವೋ. ಮಂತ್ರಿ ಎದ್ದು ಓದಿದರು: ಕಟ್ಟಡ ಪೂರ್ಣಗೊಂಡಿರುವುದು ನಿಜ. ಶೀಘ್ರದಲ್ಲೇ ತೆರೆಯಲಾಗುವುದು.

ಮಾಸ್ಟರ ಕೈಗಳು ನಿಧಾನವಾಗಿ ಮೇಲೇಳತೊಡಗಿದವು. ಅಯ್ಯೋ, ಮುಗಿಯಿತು! ಅತ್ತೆಯ ಕಣ್ಣು ಗುಡ್ಡೆ ಹೊರಬರುವುದೊಂದು ಬಾಕಿ. ಕೈಗಳು ಎದೆಯವರೆಗೆ ಬಂದವು... ಬಂದು ಎದುರಿನ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡವು!

“ಉಪಪ್ರಶ್ನೆ, ಸಾರ್. ಶೀಘ್ರದಲ್ಲಿ ಅಂದರೆ ಮಳೆಗಾಲಕ್ಕೆ ಮುಂಚೆಯೋ, ಆಮೇಲೋ?”

“ಆಮೇಲೆ.”

“ಯಾವ ಮಳೆಗಾಲದ ಆಮೇಲೆ? ನಾಲ್ಕು ಮಳೆಗಾಲ ಆಗಿಹೋಗಿವೆ.”

ವಿರೋಧ ಪಕ್ಷದ ಸಾಲುಗಳಲ್ಲಿ ಮೇಜು ಕುಟ್ಟುವ ಸದ್ದು! ಮಂತ್ರಿ ಹಿಂದೆ ಕುಳಿತ ಅಧಿಕಾರಿಗಳ ಕಡೆ ತಿರುಗಿದರು. ಒಂದು ಚೀಟಿ ಬಂತು. “ದಾದಿಯರ ನೇಮಕದ ಕಡತ ಚಲಾವಣೆಯಲ್ಲಿದೆ.”

“ಯಾವ ಮೇಜಿನಿಂದ ಯಾವ ಮೇಜಿಗೆ, ಸಾರ್?” ಮಾಸ್ಟರ ದನಿ ಈಗ ತರಗತಿಯ ದನಿ. ಗಣಿತದ ಮೇಷ್ಟರ ದನಿ! “ಇನ್ನೊಂದು. ಆ ಹೆರಿಗೆ ಮನೆಯ ಕಾವಲುಗಾರ ಕೆಲಸಕ್ಕೆ ಸೇರಿದ ಮೇಲೆ ಅವನಿಗೆ ಎರಡು ಮಕ್ಕಳಾಗಿವೆ. ಎರಡೂ ಬೇರೆ ಆಸ್ಪತ್ರೆಯಲ್ಲಿ ಹುಟ್ಟಬೇಕಾಯಿತು ಎಂಬುದು ಮಂತ್ರಿಗಳ ಗಮನಕ್ಕೆ ಬಂದಿದೆಯೇ?”

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಆಳುವವರೂ ನಕ್ಕರು. ಸಭಾಧ್ಯಕ್ಷರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಮಾಸ್ಟರು ಮಾತ್ರ ನಗದೆ ನಿಂತಿದ್ದರು. ನಗು ಇಳಿದ ಮೇಲೆ ಹೇಳಿದರು: “ಈಚೆಗೆ ಒಂದು ಮಗು ಟ್ಯಾಕ್ಸಿಯಲ್ಲಿ ಹುಟ್ಟಿತು. ತಾಯಿ ಬದುಕಿದ್ದು ಅದೃಷ್ಟ. ದಯವಿಟ್ಟು ದಿನ ಹೇಳಿ.”

ಮಂತ್ರಿಗಳು ಚೀಟಿಗೆ ಕಾಯಲಿಲ್ಲ. “ದುರ್ಗಾಪೂಜೆಗೆ ಮುಂಚೆ ತೆರೆಯುತ್ತೇವೆ. ಇದು ನನ್ನ ಮಾತು” ಅಂದರು.

ಮಾಲತಿ ಅಳುತ್ತಿದ್ದಳು. ಅತ್ತೆ ಬಾಯಿಂದ ಸೆರಗು ತೆಗೆದಳು. ಹಲ್ಲು ಕಚ್ಚಿದ ಕಡೆಯೆಲ್ಲ ತೂತು!

ಕೊಟ್ಟ ಮಾತು ನಡೆಯಿತು. ಪೂಜೆಗೆ ಒಂದು ವಾರ ಮುಂಚೆ ಬೀಗ ತೆಗೆದರು. ಮೊದಲ ತಿಂಗಳಲ್ಲೇ ಬಸ್ತಿಯ ಹೆಂಗಸರು ಸಾಲುಗಟ್ಟಿದರು.

ಮುಂದಿನ ಚುನಾವಣೆ ಬಂತು. ಅಭ್ಯರ್ಥಿಗಳ ಪಟ್ಟಿಯಲ್ಲಿ ಮಾಸ್ಟರ ಹೆಸರಿರಲಿಲ್ಲ. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮಾಸ್ಟರು ಛತ್ರಿ ಹಿಡಿದು ಹಳೆಯ ಶಾಲೆಗೆ ಮರಳಿದರು.

ಅತ್ತೆ ಮಾತು ಬಿಟ್ಟಳು. ಸಾರಿಗೆ ಉಪ್ಪು ಹಾಕಿದ್ದೀಯಾ ಅಂತಲೂ ಕೇಳುತ್ತಿರಲಿಲ್ಲ. ಅಮ್ಮ ಗಾಬರಿಯಾಗಿ ಅವಳ ಹಣೆ ಮುಟ್ಟಿ ನೋಡಿದಳು. ಕೆಳಗಿನ ಬಾಗಿಲು ತೆರೆದಿದ್ದರೆ ಅತ್ತೆ ಮುಖ ತಿರುಗಿಸಿಕೊಂಡು ಬೇಗ ಬೇಗ ಮೆಟ್ಟಿಲು ಹತ್ತುವಳು. ಒಮ್ಮೆ ನನ್ನೊಡನೆ ಮಾತ್ರ ಅಂದಳು: “ನನ್ನ ಬಾಯಿ ಚಟಕ್ಕ ಒಬ್ಬ ಸಾಧು ಮನಷ್ಯಾನ ಜೀವನಾ ಹಾಳಮಾಡಿದ್ನಲ್ಲ, ಖೋಡಿ.”

ದೀಪಾವಳಿ ಕಳೆದು ಎರಡು ದಿನವಾಗಿತ್ತು. ಬಂಗಾಳಿಗಳಿಗೆ ಅಂದು ಭಾಯಿಫೋಟಾ. ಅಕ್ಕತಂಗಿಯರು ಅಣ್ಣತಮ್ಮಂದಿರ ಹಣೆಗೆ ಗಂಧದ ಬೊಟ್ಟಿಡುವ ಹಬ್ಬ. ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮಾಸ್ಟರು. ಗರಿಗರಿ ಧೋತ್ರ, ಕೈಯಲ್ಲಿ ‘ಸಂದೇಶ್’ ಮಿಠಾಯಿಯ ಪೊಟ್ಟಣ, ಇನ್ನೊಂದು ಕೈಯಲ್ಲಿ ಬಟ್ಟಲು ಗಂಧ.

“ದಿದಿ, ನನಗೆ ಅಕ್ಕತಂಗಿಯರಿಲ್ಲ. ಇಷ್ಟು ವರ್ಷ ಈ ದಿನ ಮನೆಯೊಳಗೇ ಕೂತಿರುತ್ತಿದ್ದೆ” ಅಂದರು.

ಅತ್ತೆ ಗೋಡೆಗೆ ಒರಗಿ ನಿಂತಳು. “ನಾ ನಿಮ್ಮ ಸೀಟು ಕಳದಾಕಿ, ಮಾಸ್ಟರ.”

“ದಿನಾ ಆ ಹೆರಿಗೆ ಮನೆಯ ಮುಂದೆಯೇ ಶಾಲೆಗೆ ಹೋಗುತ್ತೇನೆ, ದಿದಿ. ಒಳಗಿನಿಂದ ಮಗು ಅಳುವುದು ಕೇಳುತ್ತದೆ. ಸ್ವಲ್ಪ ಹೊತ್ತು ನಿಂತು ಕೇಳಿ ಹೋಗುತ್ತೇನೆ.” ಇಷ್ಟು ಹೇಳಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಮುಖವೆತ್ತಿ ಕಣ್ಣು ಮುಚ್ಚಿದರು.

ಬಂಗಾಳಿ ಅಕ್ಕಂದಿರು ಹೇಳುವ ಪದ್ಯ ಅತ್ತೆಗೆ ಬರುತ್ತಿರಲಿಲ್ಲ. ಅವಳು ಎದುರಿಗೆ ಕುಳಿತು, ಕಿರುಬೆರಳನ್ನು ಗಂಧದಲ್ಲಿ ಅದ್ದಿದಳು. ಅಭ್ಯಾಸವಿಲ್ಲದ ಬೆರಳು ಜಾರಿ ಬೊಟ್ಟು ಸೊಟ್ಟಗಾಯಿತು. “ಗಟ್ಟಿಯಾಗಿರಪಾ ತಮ್ಮಾ” ಅಂದಳು, ಕನ್ನಡದಲ್ಲೇ. ಅವರಿಗೆ ಅರ್ಥವಾಯಿತು.

ಅವತ್ತು ಮಾಸ್ಟರು ಮಾರ್ಕೆಟ್ಟಿಗೆ ಹೋಗಿ ಬಂದರು, ಓಣಿಯಲ್ಲಿ ನಿಂತು ಹತ್ತಾರು ಜನರೊಡನೆ ಮಾತಾಡಿದರು, ಸಂಜೆ ಬಾಗಿಲ ಮುಂದೆ ಕುರ್ಚಿ ಹಾಕಿ ಕುಳಿತರು. ಹುಬ್ಬಿನ ಮೇಲಕ್ಕೆ ಸರಿದ ಆ ಸೊಟ್ಟ ಗಂಧವನ್ನು ಒಮ್ಮೆಯೂ ಮುಟ್ಟಿಕೊಳ್ಳಲಿಲ್ಲ. ಮೇಲೆ ಬಾಲ್ಕನಿಯಲ್ಲಿ ಅತ್ತೆ, ಒಣಗಿದ ಬಟ್ಟೆಗಳನ್ನು ತೆಗೆಯುವ ನೆಪದಲ್ಲಿ, ಕತ್ತಲಾಗುವವರೆಗೂ ನಿಂತು ಅವರನ್ನು ನೋಡುತ್ತಿದ್ದಳು.